ಖರ್ಚು ಕಡಿಮೆ ಅಂದರೆ ಕಾಯಿಲೆಯೂ ಕಡಿಮೆಯಾ?

ಇವತ್ತು ಕ್ಲಾಸಿನಲ್ಲಿ ನೋಡಿದ ಒಂದು ಗ್ರಾಫ್ ಇನ್ನೂ ತಲೆಯಿಂದ ಹೋಗಿಲ್ಲ.

2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಒಂದು ಸಾಫ್ಟ್‌ವೇರ್ ಅಂಕ ಕೊಡುತ್ತಿತ್ತು. ಅದು ಜನಾಂಗ ಯಾವುದು ಅಂತ ನೋಡುತ್ತಲೇ ಇರಲಿಲ್ಲ. ಮುಂದೆ ಈ ರೋಗಿಗೆ ಎಷ್ಟು ಖರ್ಚಾಗಬಹುದು ಅಂತ ಲೆಕ್ಕ ಹಾಕುತ್ತಿತ್ತು, ಅಷ್ಟೇ. ಖರ್ಚು ಜಾಸ್ತಿ ಇದ್ದರೆ ಕಾಯಿಲೆಯೂ ಜಾಸ್ತಿ. ಕೇಳಲು ಸರಿಯಾಗೇ ಇದೆ, ಅಲ್ವಾ?

ಆದರೆ ಕಪ್ಪು ವರ್ಣೀಯರಿಗೆ ಅಲ್ಲಿ ಚಿಕಿತ್ಸೆ ಸಿಗುವುದೇ ಕಡಿಮೆ. ಹಾಗಾಗಿ ಅವರ ಮೇಲಾಗುವ ಖರ್ಚೂ ಕಡಿಮೆ. ಸಾಫ್ಟ್‌ವೇರ್ ಅದನ್ನು ನೋಡಿ 'ಇವರು ಆರಾಮಾಗಿದ್ದಾರೆ' ಅಂದುಕೊಂಡಿತು. ಒಂದೇ ಅಂಕ ಬಂದವರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಪ್ಪು ವರ್ಣೀಯರಲ್ಲೇ ಬಿಪಿ, ಶುಗರ್ ಹೆಚ್ಚು ಹದಗೆಟ್ಟಿತ್ತು. ಈ ತಾರತಮ್ಯ ಸರಿಪಡಿಸಿದರೆ, ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆ ಅಂತ ಸಂಶೋಧಕರು ತೋರಿಸಿದರು. ಈ ಎರಡು ಅಂಕಿಗಳ ನಡುವೆ ಎಷ್ಟು ಜನ ಸುಮ್ನೆ ಬಿಟ್ಟುಹೋದರೋ!

ನನಗೆ ಎಐ ಮೇಲೆ ನಂಬಿಕೆಯೇನೂ ಹೋಗಿಲ್ಲ. ಮಧುಮೇಹದಿಂದ ಕಣ್ಣಿಗಾಗುವ ತೊಂದರೆಯನ್ನು ತಾನೇ ಪತ್ತೆ ಹಚ್ಚುವ ಎಐಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದು ನಿಜಕ್ಕೂ ದೊಡ್ಡ ವಿಷಯ.

ಆದರೆ ಖರ್ಚಿನ ಡೇಟಾ ಕೈಗೆ ಸುಲಭವಾಗಿ ಸಿಗುತ್ತದೆ, ನೋವಿನ ಡೇಟಾ ಸಿಗುವುದಿಲ್ಲ. ಬಿಸಿನೆಸ್ ಕಲಿಯುವ ನಾವು ಸಿಕ್ಕಿದ್ದನ್ನೇ ಅಳೆದುಬಿಡುತ್ತೇವೆ. ಅದೇ ನನಗೆ ಭಯ.

ಆಸ್ಪತ್ರೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರೇ, ನಿಮ್ಮದು ಏನನ್ನು ಅಳೆಯುತ್ತಿದೆ? ದಯವಿಟ್ಟು ಹೇಳಿ.