ಗೃಹಪ್ರವೇಶದ ಉಡುಗೊರೆಗೆ ಹತ್ತಿಯ ಪಾತ್ರೆ ಬಟ್ಟೆ: ಹೆಣಿಗೆ ಎಲ್ಲಿಗೆ ಬಂತು

ಒಂದು ಉಡುಗೊರೆಗೆ ಪಾತ್ರೆ ಉಜ್ಜಿ ಒರೆಸುವ ಮೂರು ಬಟ್ಟೆ ಎಂಬ ಲೆಕ್ಕ. ಓರೆಯಾಗಿ ಹೆಣೆದದ್ದು ಮುಗಿದು ಒಗೆದೂ ಆಗಿದೆ. ಬುಟ್ಟಿ ಹೆಣಿಗೆಯದು ಅರ್ಧ ದಾಟಿ ಕಡ್ಡಿಯ ಮೇಲಿದೆ. ಮಾಸ್ ಸ್ಟಿಚ್‌ನದು (ಕಾಳು ಚೆಲ್ಲಿದಂತೆ ಕಾಣುವ ಹೆಣಿಗೆ) ಇನ್ನು ಶುರುವಾಗಬೇಕು. ಮೂರಕ್ಕೂ ಮಧ್ಯಮ ದಪ್ಪದ ಶುದ್ಧ ಹತ್ತಿ ನೂಲು, 50 ಗ್ರಾಂ ಉಂಡೆಗೆ ಸುಮಾರು 85 ಮೀಟರ್ ಬರುವಂಥದ್ದು. ಬಟ್ಟೆಗೊಂದು ಉಂಡೆ ಸಾಕು.

ನೂಲು ಆರಿಸುವಾಗ ಹೊಳಪಿಗೆ ಮರುಳಾಗಬಾರದು. ಮರ್ಸರೈಸ್ ಮಾಡಿದ, ಅಂದರೆ ಕ್ಷಾರದಲ್ಲಿ ಹದಗೊಳಿಸಿದ ಹತ್ತಿ ನುಣುಪಾಗಿ ಮಿರುಗುತ್ತದೆ, ಮೇಜಿನ ಮೇಲೆ ಹಾಸುವುದಕ್ಕೆ ಚಂದ. ಪಾತ್ರೆ ಬಟ್ಟೆಗೆ ಬೇಕಾದದ್ದು ಮಂಕಾದ, ಕೊಂಚ ಒರಟಾದ ಸಾದಾ ಹತ್ತಿ. ಅದು ನೀರನ್ನು ಚೆನ್ನಾಗಿ ಹೀರುತ್ತದೆ, ಅಂಟಿದ್ದನ್ನು ಉಜ್ಜುತ್ತದೆ. ಅಕ್ರಿಲಿಕ್ ಮಾತ್ರ ಬೇಡವೇ ಬೇಡ. ನೀರು ಹೀರುವುದಿಲ್ಲ ಎಂಬುದು ಒಂದು ಕಾರಣವಾದರೆ, ಕೊಟ್ಟ ಬಟ್ಟೆ ಯಾವತ್ತಾದರೂ ಮಸಿಬಟ್ಟೆಯಾಗಿ ಬಿಸಿ ಪಾತ್ರೆ ಹಿಡಿಯಲು ಬಳಕೆಯಾಗಿಯೇ ಆಗುತ್ತದೆ ಎಂಬುದು ಇನ್ನೊಂದು. ಅಕ್ರಿಲಿಕ್ ಆ ಬಿಸಿಗೆ ಕರಗುತ್ತದೆ.

ಕಡ್ಡಿ 4.5 ಮಿ.ಮೀ., ಬಿದಿರಿನದು. ಗಾರ್ಟರ್ ಸ್ಟಿಚ್‌ನಲ್ಲಿ (ಎಲ್ಲ ಸಾಲೂ ಸಾದಾ ಹೆಣಿಗೆ) 10 ಸೆಂ.ಮೀ. ಅಗಲಕ್ಕೆ 18 ಕುಣಿಕೆ ಬರುತ್ತಿದೆ. ಹತ್ತಿಗೆ ಉಣ್ಣೆಯಂತೆ ಎಳೆದರೆ ಹಿಗ್ಗುವ ಗುಣವಿಲ್ಲ. ಬಿಗಿಯಾಗಿ ಹೆಣೆದರೆ ಕುಣಿಕೆಯೊಳಗೆ ಕಡ್ಡಿ ತೂರಿಸಲು ಪ್ರತಿ ಸಲವೂ ಬಲ ಹಾಕಬೇಕಾಗಿ ಮಣಿಕಟ್ಟು ನೋಯುತ್ತದೆ. ಕೈ ಬಿಗಿ ಇರುವವರು 5 ಮಿ.ಮೀ. ಕಡ್ಡಿಗೆ ಹೋಗುವುದು ಒಳ್ಳೆಯದು.

ಮುಗಿದಿರುವ ಓರೆ ಬಟ್ಟೆಯ ವಿಧಾನ ಇದು. 4 ಕುಣಿಕೆ ಹಾಕಿ ಒಂದು ಸಾಲು ನಿಟ್ (ನೂಲನ್ನು ಹಿಂದಿಟ್ಟು ಹೆಣೆಯುವ ಸಾದಾ ಕುಣಿಕೆ). ಮುಂದಿನ ಪ್ರತಿ ಸಾಲಿನಲ್ಲೂ 2 ನಿಟ್, ಒಂದು ಯಾರ್ನ್ ಓವರ್ (ಕಡ್ಡಿಯ ಮೇಲೆ ನೂಲು ಸುತ್ತಿ ಕುಣಿಕೆ ಹೆಚ್ಚಿಸುವುದು, ಅಲ್ಲೊಂದು ತೂತು ಬೀಳುತ್ತದೆ), ಉಳಿದದ್ದೆಲ್ಲ ನಿಟ್. ಹೀಗೆ ಸಾಲಿಗೊಂದರಂತೆ ಏರುತ್ತ 46 ಕುಣಿಕೆಯಾದಾಗ ಬಟ್ಟೆ ಅರ್ಧ ಆದಂತೆ. ಅಲ್ಲಿಂದ ಇಳಿಕೆ: 1 ನಿಟ್, ಎರಡು ಕುಣಿಕೆ ಕೂಡಿಸಿ ನಿಟ್, ಯಾರ್ನ್ ಓವರ್, ಮತ್ತೆ ಎರಡು ಕೂಡಿಸಿ ನಿಟ್, ಉಳಿದದ್ದು ನಿಟ್. ಎರಡು ಕಡೆ ಕೂಡಿಸಿ ಒಂದು ಕಡೆ ಹೆಚ್ಚಿಸುವುದರಿಂದ ಸಾಲಿಗೆ ಒಂದೇ ಕಡಿಮೆಯಾಗುತ್ತದೆ, ಅಂಚಿನ ತೂತುಗಳ ಸಾಲೂ ಹಾಗೇ ಮುಂದುವರಿಯುತ್ತದೆ. 4 ಉಳಿದಾಗ ಬೈಂಡ್ ಆಫ್, ಅಂದರೆ ಕುಣಿಕೆಗಳನ್ನು ಕಡ್ಡಿಯಿಂದ ಬಿಡಿಸಿ ಅಂಚು ಮುಚ್ಚುವುದು.

ಓರೆ ಹೆಣಿಗೆಯ ದೊಡ್ಡ ಅನುಕೂಲವೆಂದರೆ ಅಳತೆಯನ್ನು ನೂಲೇ ಹೇಳುತ್ತದೆ. ಉಂಡೆ ಸಣ್ಣದಿದ್ದರೆ 46ಕ್ಕೆ ಕಾಯಬೇಕಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಆಗಾಗ ತೂಗಿ, ಅರ್ಧಕ್ಕಿಂತ ಎರಡು ಗ್ರಾಂ ಹೆಚ್ಚು ಉಳಿದಿರುವಾಗಲೇ ಇಳಿಕೆ ಶುರು ಮಾಡಿದರೆ ಕೊನೆಯಲ್ಲಿ ನೂಲು ಸಾಲದೆ ಹೋಗುವುದಿಲ್ಲ. ಇಲ್ಲಿ ಹೆಚ್ಚಾಗಿ ಕೈತಪ್ಪುವುದು ಯಾರ್ನ್ ಓವರ್. ಅಂಚಿನಲ್ಲಿ ಒಂದು ತೂತು ಮಾಯವಾಗಿದ್ದರೆ ಅದೇ ಕಾರಣ. ಮರುಸಾಲಿನಲ್ಲೇ ಕಣ್ಣಿಗೆ ಬಿದ್ದರೆ, ಆ ಜಾಗದ ಎರಡು ಕುಣಿಕೆಗಳ ನಡುವೆ ಅಡ್ಡ ಹಾದ ಎಳೆಯನ್ನು ಕಡ್ಡಿಗೆ ಎತ್ತಿ ನಿಟ್ ಮಾಡಿದರೆ ಸರಿಹೋಗುತ್ತದೆ. ತೂತು ಕೊಂಚ ಚಿಕ್ಕದಾಗುತ್ತದೆ, ಅಷ್ಟೆ. ಇಳಿಕೆಯ ಸಾಲಿನ ಕೊನೆಗೆ ಕುಣಿಕೆಗಳ ಸಂಖ್ಯೆ ಮೊದಲಿನಷ್ಟೇ ಇದ್ದರೆ ಒಂದು ಕಡೆ ಕೂಡಿಸುವುದು ಬಿಟ್ಟುಹೋಗಿದೆ ಎಂದರ್ಥ.

ಬುಟ್ಟಿ ಹೆಣಿಗೆಗೆ 41 ಕುಣಿಕೆ: ಎರಡು ಅಂಚಿಗೂ 3ರಂತೆ 6, ನಡುವೆ ಐದೈದರ 7 ಚೌಕ. ಮೊದಲು 6 ಸಾಲು ಬರೀ ನಿಟ್. ನಂತರ ಎದುರು ಬದಿಯಲ್ಲಿ 3 ನಿಟ್, (5 ನಿಟ್, 5 ಪರ್ಲ್) ಮೂರು ಸಲ, 5 ನಿಟ್, 3 ನಿಟ್. ಪರ್ಲ್ ಎಂದರೆ ನೂಲನ್ನು ಮುಂದಿಟ್ಟು ಹೆಣೆಯುವ ಉಲ್ಟಾ ಕುಣಿಕೆ. ಹಿಂಬದಿಯಲ್ಲಿ 3 ನಿಟ್, (5 ಪರ್ಲ್, 5 ನಿಟ್) ಮೂರು ಸಲ, 5 ಪರ್ಲ್, 3 ನಿಟ್. ಇವೆರಡನ್ನು 6 ಸಾಲಿನವರೆಗೆ ಹೆಣೆದರೆ ಚೌಕಗಳ ಒಂದು ಪಟ್ಟಿ. ಮುಂದಿನ ಪಟ್ಟಿಯಲ್ಲಿ ನಡುವಿನ 35 ಕುಣಿಕೆಗಳ ನಿಟ್ ಇದ್ದಲ್ಲಿ ಪರ್ಲ್, ಪರ್ಲ್ ಇದ್ದಲ್ಲಿ ನಿಟ್. ಎಂಟು ಪಟ್ಟಿಯಾದ ಮೇಲೆ ಮತ್ತೆ 6 ಸಾಲು ನಿಟ್ ಹೆಣೆದರೆ ಬಟ್ಟೆ ಸುಮಾರು 23 ಸೆಂ.ಮೀ. ಚೌಕವಾಗಿ ಬರುತ್ತದೆ. ಸದ್ಯ ಐದು ಪಟ್ಟಿ ಆಗಿದೆ.

ಎರಡೂ ಬದಿ ಒಂದೇ ಥರ ಕಾಣುವ ಮಾದರಿಯಾದ್ದರಿಂದ ಎದುರು ಬದಿಗೆ ಬಣ್ಣದ ದಾರದ ತುಂಡೊಂದನ್ನು ಕಟ್ಟಿಡಬೇಕು, ಇಲ್ಲವಾದರೆ ಪಟ್ಟಿ ಬದಲಿಸುವ ಸಾಲು ತಪ್ಪುತ್ತದೆ. ಪರ್ಲ್‌ನಿಂದ ನಿಟ್‌ಗೆ ಬರುವಾಗ ನೂಲನ್ನು ಕಡ್ಡಿಗಳ ನಡುವಿನಿಂದ ಹಿಂದಕ್ಕೆ ತರದಿದ್ದರೆ ಅದು ಕಡ್ಡಿಯ ಮೇಲೆ ಸುತ್ತಿಕೊಂಡು ಬೇಡದ ಕುಣಿಕೆ ಹುಟ್ಟುತ್ತದೆ. ಪಟ್ಟಿಗೊಮ್ಮೆ 41 ಎಣಿಸಿಕೊಂಡರೆ ಬಿಚ್ಚುವ ಕೆಲಸ ದೊಡ್ಡದಾಗುವುದಿಲ್ಲ. ನಡುವೆ ಬರೀ ಸ್ಟಾಕಿಂಗ್ ಸ್ಟಿಚ್ (ಎದುರು ಬದಿ ಎಲ್ಲ ನಿಟ್, ಹಿಂಬದಿ ಎಲ್ಲ ಪರ್ಲ್) ಇಟ್ಟರೆ ಬಟ್ಟೆ ಸುರುಳಿಕೊಳ್ಳುತ್ತದೆ. ನಿಟ್ ಪರ್ಲ್ ಚೌಕಗಳು ಒಂದರ ಎಳೆತವನ್ನು ಇನ್ನೊಂದು ತಡೆಯುವುದರಿಂದ ಈ ಮಾದರಿ ಸಮತಟ್ಟಾಗಿ ನಿಲ್ಲುತ್ತದೆ.

ಮಾಸ್ ಸ್ಟಿಚ್‌ನದಕ್ಕೆ 39 ಕುಣಿಕೆ. ಸಂಖ್ಯೆ ಬೆಸವಾದ್ದರಿಂದ ಎಲ್ಲ ಸಾಲೂ ಒಂದೇ: 1 ನಿಟ್, 1 ಪರ್ಲ್ ಎಂದು ಸಾಲಿನುದ್ದಕ್ಕೂ, ಕೊನೆಗೆ 1 ನಿಟ್. ಉದ್ದುದ್ದ ಗೀರು ಕಂಡರೆ ಸಾಲು ತಪ್ಪಿದೆ.

ಬೈಂಡ್ ಆಫ್‌ಗೆ ಒಂದು ಅಳತೆ ದೊಡ್ಡ ಕಡ್ಡಿ ಬೇಕು. ಹತ್ತಿಯ ಬಿಗಿ ಅಂಚು ಒಗೆದರೂ ಸಡಿಲಾಗುವುದಿಲ್ಲ. ಚೌಕದ ಮೇಲಂಚು ಕಿರಿದಾಗಿ ಉಳಿದುಬಿಡುತ್ತದೆ.

ಇನ್ನು ನೂಲಿನ ತುದಿಗಳು. ಪಾತ್ರೆ ಬಟ್ಟೆ ಮೊದಲು ಬಿಚ್ಚಿಕೊಳ್ಳುವುದು ಇಲ್ಲೇ. ಉಣ್ಣೆಯ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹತ್ತಿಯವು ಜಾರುತ್ತವೆ. 15 ಸೆಂ.ಮೀ. ತುದಿ ಬಿಟ್ಟು, ಮೊಂಡು ಸೂಜಿಯಿಂದ ಗಾರ್ಟರ್‌ನ ಉಬ್ಬಿನ ಜಾಡಿನಲ್ಲೇ ಒಂದು ದಿಕ್ಕಿಗೆ, ಮತ್ತೆ ಅದರ ವಿರುದ್ಧ, ಕೊನೆಗೆ ಓರೆಯಾಗಿ ಹಾಯಿಸಬೇಕು. ಹಿಂದಿರುಗುವಾಗ ನೂಲಿನ ಎಳೆಗಳನ್ನೇ ಸೀಳಿಕೊಂಡು ಹೋದರೆ ಹಿಡಿತ ಇನ್ನೂ ಗಟ್ಟಿ. ಉಂಡೆಯೊಳಗೆ ಗಂಟು ಸಿಕ್ಕಿದರೆ ಅದನ್ನು ಹಾಗೇ ಹೆಣೆಯದೆ, ಕತ್ತರಿಸಿ, ಅಂಚಿನಲ್ಲಿ ಹೊಸ ನೂಲು ಸೇರಿಸುವುದು ವಾಸಿ.

ಕೊಡುವ ಮುಂಚೆ ಬಿಸಿನೀರಿನಲ್ಲಿ ಒಗೆಯುವುದನ್ನು ಬಿಡಬಾರದು. ಓರೆ ಬಟ್ಟೆ ಒಗೆದ ಮೇಲೆ 19ರಿಂದ 18 ಸೆಂ.ಮೀ.ಗೆ ಇಳಿದು, ಹೆಣಿಗೆ ಒತ್ತಾಗಿ ಕೂತಿದೆ. ತುದಿ ಸಡಿಲವಿದ್ದರೆ ಅದೂ ಈ ಒಗೆತದಲ್ಲೇ ಗೊತ್ತಾಗುತ್ತದೆ. ಬುಟ್ಟಿ ಹೆಣಿಗೆಯದು ಕಡುಗೆಂಪು. ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ, ಬಣ್ಣ ಹತ್ತುವುದು ನಿಲ್ಲುವವರೆಗೆ ಬೇರೆಯಾಗಿಯೇ ಒಗೆಯಬೇಕು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು, ಅದು ಎಳೆಗಳ ಮೇಲೆ ಪದರವಾಗಿ ಕೂತು ನೀರು ಹೀರುವುದನ್ನು ತಗ್ಗಿಸುತ್ತದೆ. ಕಟ್ಟಿನ ಜೊತೆ ಇಡುವ ಚೀಟಿಯಲ್ಲಿ ಇದನ್ನೇ ಬರೆಯುವುದು: ಶುದ್ಧ ಹತ್ತಿ, ಬಿಸಿನೀರಿನಲ್ಲಿ ಒಗೆಯಬಹುದು, ಸಾಫ್ಟ್‌ನರ್ ಬೇಡ, ಬಳಸಿದ ಮೇಲೆ ಹಿಂಡಿ ಹರವಿ.

ಬಾಕಿ: ಬುಟ್ಟಿ ಹೆಣಿಗೆಯ ಮೂರು ಪಟ್ಟಿ ಮತ್ತು ಮೇಲಂಚು, ಇಡೀ ಮಾಸ್ ಸ್ಟಿಚ್ ಬಟ್ಟೆ, ನಾಲ್ಕು ತುದಿ, ಎರಡು ಒಗೆತ.