ಕೋಲಾರದ ಮಕ್ಬರಾದಿಂದ ಚಾಂಪಿಯನ್ ರೀಫ್ಸ್ ಚರ್ಚಿನವರೆಗೆ

ಕೋಲಾರಕ್ಕೆ ಬಂದವರು ಅಂತರಗಂಗೆ ಹತ್ತಿ, ಕೋಲಾರಮ್ಮನಿಗೆ ಕೈಮುಗಿದು ಹೊರಟುಬಿಡುತ್ತಾರೆ. ಊರೊಳಗಿನ ಮಕ್ಬರಾದ, ಅಂದರೆ ಗೋರಿ ಕಟ್ಟಡದ ಕಡೆ ಬರುವವರು ಕಡಿಮೆ. ಹೈದರಾಲಿಯ ತಂದೆ ಫತೇ ಮಹಮ್ಮದರ ಸಮಾಧಿ ಇರುವುದು ಇಲ್ಲೇ. ನನ್ನನ್ನು ಇಲ್ಲಿಗೆ ಕರೆತಂದದ್ದು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ದೇವರು ಒಬ್ಬನೇ ಎಂದು ಮುಸ್ಲಿಮರೂ ಹೇಳುತ್ತಾರೆ, ಕ್ರೈಸ್ತರೂ ಹೇಳುತ್ತಾರೆ. ಮತ್ತೆ ಶತಮಾನಗಳಿಂದ ನಡೆದಿರುವ ವಾದ ಯಾವುದಕ್ಕೆ?

ನೆರಳಿಗೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಸಾಹೇಬರೇ, ತೌಹೀದ್ ಅಂದ್ರೆ ಏನು?" ಅವರು ಕುರಾನಿನ ಪುಟ್ಟ ಅಧ್ಯಾಯ ಸೂರಾ ಇಖ್ಲಾಸ್ ಓದಿ ಅರ್ಥ ಬಿಡಿಸಿದರು. ಅಲ್ಲಾಹನು ಒಬ್ಬನೇ, ಯಾರ ಹಂಗೂ ಇಲ್ಲದವನು, ಹೆತ್ತವನಲ್ಲ, ಹುಟ್ಟಿದವನಲ್ಲ, ಅವನಿಗೆ ಸಾಟಿ ಯಾರೂ ಇಲ್ಲ. ನಾಲ್ಕೇ ಸಾಲು. "ಈಸಾ ಅಲೈಹಿಸ್ಸಲಾಮ್, ಅಂದ್ರೆ ಯೇಸು, ನಮಗೂ ಪ್ರವಾದಿ ಕಣಪ್ಪಾ. ಅವರ ತಾಯಿ ಮರ್ಯಮ್ಮರ ಹೆಸರಲ್ಲಿ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಆರಾಧನೆ ಕಳಿಸಿದವನಿಗೆ, ಬಂದವರಿಗಲ್ಲ."

ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ಮಾರಿಕುಪ್ಪಂ ರೈಲು. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಮಣ್ಣಿನ ದಿಬ್ಬಗಳನ್ನು ದಾಟಿ ಚಾಂಪಿಯನ್ ರೀಫ್ಸ್ ತಲುಪಿದೆ. ಚರ್ಚಿನಲ್ಲಿ ಸಿಕ್ಕ ಉಪದೇಶಿ ಗಣಿ ಕೆಲಸಗಾರರ ಮನೆಯವರು. ನನ್ನ ಪ್ರಶ್ನೆಗೆ ಅವರು ತಡಮಾಡಲಿಲ್ಲ. "ಮೂರು ದೇವರು ಅಂದ್ರೆ ನಮ್ಮ ಸಭೆಯೂ ಒಪ್ಪಲ್ಲ ಸಾರ್. ವಿಶ್ವಾಸ ಪ್ರಮಾಣ ಶುರುವಾಗೋದೇ 'ಒಬ್ಬನೇ ದೇವರು' ಅಂತ." ಅದಕ್ಕೆ ಅಡಿಪಾಯ ಬಿದ್ದದ್ದು ಕ್ರೈಸ್ತ ಬಿಷಪ್ಪರು ಸೇರಿದ್ದ 325ರ ನಿಕೇಯ ಮಹಾಸಭೆಯಲ್ಲಿ. ಮಗ ಎಂದರೆ ಹೆಂಡತಿ ಕಟ್ಟಿಕೊಂಡು ಪಡೆದ ಮಗುವಲ್ಲ. ಕಾಲ ಹುಟ್ಟುವುದಕ್ಕೂ ಮುಂಚಿನಿಂದ ತಂದೆಯೊಂದಿಗಿರುವ ಆತನ ವಾಕ್ಯ ಎಂದರು.

ಇಲ್ಲಿ ನನಗೆ ಒಂದು ಗಂಟು ಸಡಿಲವಾಯಿತು. ಸಂಗಾತಿಯೇ ಇಲ್ಲದ ದೇವರಿಗೆ ಮಗ ಹೇಗೆ ಎಂದು ಕುರಾನ್ ಕೇಳುತ್ತದೆ. ಈಸಾ ಮತ್ತು ಅವರ ತಾಯಿಯನ್ನು ದೇವರಾಗಿಸಿಕೊಳ್ಳುವುದನ್ನು ಖಂಡಿಸುತ್ತದೆ. ಉಪದೇಶಿಯೂ ಇವೆರಡನ್ನೂ ತಳ್ಳಿಹಾಕುತ್ತಾರೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿತ್ವದಲ್ಲಿ ಮರಿಯಮ್ಮ ಸೇರಿಲ್ಲ. ವಾದದ ಒಂದು ಪಾಲು, ಇಬ್ಬರೂ ಬೇಡವೆನ್ನುವುದರ ಮೇಲೆಯೇ ನಡೆದಿದೆ.

ಉಳಿದ ಪಾಲು ಮಾತ್ರ ಕರಗುವಂಥದ್ದಲ್ಲ. ಎಂಟನೇ ಶತಮಾನದ ಬಾಗ್ದಾದಿನಲ್ಲಿ ಮುಸ್ಲಿಮರ ದೊರೆ ಖಲೀಫ ಅಲ್ ಮಹ್ದಿ, ಮೂವರು ಒಬ್ಬನೇ ಹೇಗೆ ಎಂದು ಕೇಳಿದಾಗ, ಕ್ರೈಸ್ತ ಗುರು ಒಂದನೇ ತಿಮೊಥಿ ಸೂರ್ಯ, ಬೆಳಕು, ಶಾಖದ ಹೋಲಿಕೆ ಕೊಟ್ಟರು. ಖಲೀಫ ಒಪ್ಪಲಿಲ್ಲ, ಆದರೂ ಮಾತು ಮುರಿಯಲಿಲ್ಲ. ಮುಂದೆ ದೇವರ ವಾಕ್ಯ ಸೃಷ್ಟಿಯೋ ಅನಾದಿಯೋ ಎಂಬುದು ಮುಸ್ಲಿಂ ವಿದ್ವಾಂಸರ ನಡುವೆಯೇ ಹೊತ್ತಿಕೊಂಡಿತು. 833ರಲ್ಲಿ ಖಲೀಫ ಅಲ್ ಮಾಮೂನ್, ದೇವರ ವಾಕ್ಯವಾದ ಕುರಾನ್ ಸೃಷ್ಟಿಯೇ ಎಂದು ವಿದ್ವಾಂಸರಿಂದ, ನ್ಯಾಯಾಧೀಶರಿಂದ ಹೇಳಿಸಲು ಹೊರಟ. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಸೆರೆ ಕಂಡರೂ ಹಾಗೆ ಹೇಳಲಿಲ್ಲ, ಅದು ಸೃಷ್ಟಿಯಲ್ಲ ಎಂದೇ ನಿಂತರು. ಅನಾದಿ ವಾಕ್ಯವಿದ್ದರೂ ದೇವರು ಒಬ್ಬನೇ ಎಂಬ ನಂಬಿಕೆ ಎರಡೂ ಕಡೆ ಇದೆ ಎನ್ನುವುದು ನನಗೆ ದೊಡ್ಡ ಸಂಗತಿ. ಆದರೆ ಇಸ್ಲಾಮಿನಲ್ಲಿ ಆ ವಾಕ್ಯ ದೇವರ ಗುಣ; ಅದು ಹಸಿಯುವುದಿಲ್ಲ, ಅಳುವುದಿಲ್ಲ, ಶಿಲುಬೆ ಏರುವುದಿಲ್ಲ. ಈ ಅಂತರವನ್ನು 'ಎಲ್ಲಾ ಒಂದೇ ಬಿಡಿ' ಎಂದು ಸವರಲು ನನಗೆ ಮನಸ್ಸಿಲ್ಲ. ಉಪದೇಶಿಯ ಮುಂದೆ ಇದನ್ನೇ ಇಟ್ಟೆ.

"ನಿಮ್ಮ ಸಾಹೇಬರು ಸರಿಯಾದ ಜಾಗದಲ್ಲೇ ನಿಂತಿದ್ದಾರೆ ಸಾರ್," ಅಂದರು. "ವಾಕ್ಯ ಮನುಷ್ಯನಾಯಿತು ಅನ್ನೋದನ್ನ ನಾನು ಬಿಟ್ಟರೆ ನಾನು ಕ್ರೈಸ್ತನಲ್ಲ. ಒಪ್ಪಿಕೊಂಡರೆ ಅವರು ಮುಸ್ಲಿಮರಲ್ಲ."