ಹಿಂದಕ್ಕೆ ನಡೆಯಬೇಡಿ

ಆಸ್ಟ್ರೇಲಿಯಾದ ಗಣಿ ಊರು ಕೂಬರ್ ಪೀಡಿಯಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ಊರಾಚೆ ಒಂದು ಫಲಕ ಕಂಡಿತು: ಗುಂಡಿಯೊಳಗೆ ತಲೆಕೆಳಗಾಗಿ ಬೀಳುತ್ತಿರುವ ಮನುಷ್ಯನ ಚಿತ್ರ, ಓಡಬೇಡಿ, ಹಿಂದಕ್ಕೆ ನಡೆಯಬೇಡಿ ಎಂಬ ಎಚ್ಚರಿಕೆ. ಚೆನ್ನಾಗಿದೆಯಲ್ಲ ಎಂದು ಫೋಟೊ ತೆಗೆಯಲು ಹೊರಟೆ. ಫಲಕ ಪೂರ್ತಿ ಬರಲಿ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಎದೆ ಧಸಕ್ಕೆಂದಿತು. ಸುತ್ತ ಎಲ್ಲಿ ನೋಡಿದರೂ ಓಪಲ್ ಎಂಬ ಬಣ್ಣ ಬಣ್ಣದ ರತ್ನ ಹುಡುಕಿ ಕೊರೆದು, ಮುಚ್ಚದೆ ಬಿಟ್ಟ ಗುಂಡಿಗಳು. ಬಾಯಿ ಒಂದು ಮೀಟರ್ ಅಗಲ, ತಳ ಕಾಣುವುದಿಲ್ಲ.

ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 850 ಕಿ.ಮೀ. ದೂರ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದೆ. 1915ರಲ್ಲಿ ಅಪ್ಪನ ಜೊತೆ ಚಿನ್ನ ಹುಡುಕಲು ಬಂದ 14 ವರ್ಷದ ವಿಲ್ಲಿ ಹಚಿಸನ್, ನೀರು ಅರಸುತ್ತಾ ಹೋಗಿ ಓಪಲ್ ಹಿಡಿದುಕೊಂಡು ಬಂದನಂತೆ. ಊರು ಹುಟ್ಟಿದ್ದೇ ಹಾಗೆ. ನೀರಿನ ಕಷ್ಟ ಮಾತ್ರ ಹಾಗೇ ಉಳಿಯಿತು. ಇಂದಿಗೂ ಕೊಳವೆಬಾವಿಯ ಉಪ್ಪುನೀರನ್ನು ಸಿಹಿ ಮಾಡಿ ಕುಡಿಯುತ್ತಾರೆ.

ಉಳಿದುಕೊಂಡದ್ದು ಡಗೌಟ್‌ನಲ್ಲಿ, ಅಂದರೆ ಗುಡ್ಡ ಕೊರೆದು ಮಾಡಿದ ಕೋಣೆಯಲ್ಲಿ. ಹೊರಗೆ 43 ಡಿಗ್ರಿ. ಬಾಗಿಲು ದಾಟಿ ಹತ್ತು ಹೆಜ್ಜೆ ಒಳಗೆ ಹೋದರೆ ತಣ್ಣಗೆ, ಎ.ಸಿ. ಇಲ್ಲದೆಯೇ. ಮಾಸಲು ಗುಲಾಬಿ ಬಣ್ಣದ ಗೋಡೆಯ ಮೇಲೆ ಕೊರೆಯುವ ಯಂತ್ರದ ಹಲ್ಲುಗಳು ಗೀಚಿದ ಬಳೆಬಳೆ ಗೆರೆಗಳು. ಕಿಟಕಿಯೇ ಇಲ್ಲ, ಗಾಳಿಗೆಂದು ಚಾವಣಿಯಿಂದ ನೆಲದ ಮೇಲಕ್ಕೆ ಹೋಗುವ ಒಂದು ಕೊಳವೆ. ದೀಪ ಆರಿಸಿದೆ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಅಂಥ ಕತ್ತಲನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇನ್ನೂ ನಸುಕಿರಬೇಕು ಎಂದುಕೊಂಡು ಮಗ್ಗುಲು ಬದಲಿಸಿದವನು ಗಡಿಯಾರ ನೋಡಿದರೆ ಹತ್ತೂವರೆ!

ನೆಲದೊಳಗಿನ ಚರ್ಚು, ಒಂದು ಎಸಳು ಹುಲ್ಲಿಲ್ಲದ ಗಾಲ್ಫ್ ಮೈದಾನ, ಎಲ್ಲ ನೋಡಿದ್ದಾಯಿತು. ಮನಸ್ಸು ನಿಂತದ್ದು ಮಾತ್ರ ನೂಡ್ಲಿಂಗ್‌ನಲ್ಲಿ. ಗಣಿಯವರು ಎತ್ತಿ ಸುರಿದ ಮಣ್ಣಿನ ಗುಡ್ಡೆಯಲ್ಲಿ ಅವರ ಕಣ್ಣು ತಪ್ಪಿದ ಓಪಲ್ ಹೆಕ್ಕುವುದಕ್ಕೆ ಅಲ್ಲಿ ಆ ಹೆಸರು. ಕಂಡ ಕಂಡ ಗುಡ್ಡೆಗೆ ಕೈ ಹಾಕುವಂತಿಲ್ಲ, ಒಡೆಯರಿರುತ್ತಾರೆ. ಸಾರ್ವಜನಿಕರಿಗೆಂದೇ ಊರಲ್ಲಿ ಒಂದು ಜಾಗ ಬಿಟ್ಟಿದ್ದಾರೆ.

ಸಂಜೆ ಬಿಸಿಲು ಇಳಿದ ಮೇಲೆ ಅಲ್ಲಿ ಕುಕ್ಕರುಗಾಲಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ಮುದುಕರು ಕೈಯಿಂದಲೇ ಮಣ್ಣು ಸರಿಸುತ್ತಿದ್ದರು. ಆಗಾಗ ಒಂದು ಚೂರು ಎತ್ತಿ, ನಾಲಿಗೆಯಿಂದ ನೆಕ್ಕಿ, ಬೆಳಕಿಗೆ ಹಿಡಿದು, ಎಸೆಯುತ್ತಿದ್ದರು. ಒದ್ದೆಯಾದರೆ ಒಳಗಿನ ಬಣ್ಣ ಎದ್ದು ಕಾಣುತ್ತದಂತೆ. ನೀರಿನ ಬಾಟಲಿ ಕೊಡಲು ಹೋದೆ. "ಇಲ್ಲಿ ನೀರಿಗಿಂತ ಎಂಜಲು ಅಗ್ಗ" ಎಂದು ನಕ್ಕರು.

ಎರಡು ಗಂಟೆ ಕೆದಕಿದ ಮೇಲೆ ನನಗೂ ಉಗುರಿನಷ್ಟು ದೊಡ್ಡ ಬೂದುಬಣ್ಣದ ಹರಳೊಂದು ಸಿಕ್ಕಿತು. ನೆಕ್ಕಿದೆ. ಬಾಯಿ ತುಂಬ ಧೂಳು. ಮುದುಕರಿಗೆ ತೋರಿಸಿದರೆ ಒಂದೇ ಮಾತು: "ಪಾಚ್." ಓಪಲ್ ಜಾತಿಯದೇ, ಬಣ್ಣದಾಟ ಮಾತ್ರ ಇಲ್ಲ, ಬೆಲೆಯೂ ಇಲ್ಲ. ಎಸೆಯಲು ಕೈ ಎತ್ತಿದವನು ಮತ್ತೆ ಜೇಬಿಗೆ ಹಾಕಿಕೊಂಡೆ. ಅವರು ನೋಡಿಯೂ ನೋಡದವರಂತೆ ಇನ್ನೊಂದು ಚೂರು ನೆಕ್ಕುತ್ತಿದ್ದರು.